ಸೊನ್ನೆ ಸೊನ್ನೆ ತೊಂಬತ್ತೊಂದು

ನಾವಿರುವುದು ರಿಯಾದಿನಲ್ಲಿ. ಆದರೆ ಊರಿನವರ ಬಾಯಲ್ಲಿ ನಾವೆಲ್ಲ ಇರುವುದು ದುಬೈಯಲ್ಲಿ. "ನಿಮ್ಮ ಮಗ ದುಬೈಯಲ್ಲಿದ್ದಾನಂತಲ್ಲ?" ಎಂದು ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ, ತಿದ್ದಿ ತಿದ್ದಿ ಸಾಕಾದ ನಮ್ಮ ಅಪ್ಪ ಅಮ್ಮ "ಹೂಂ, ಆ ಕಡೆಯೇ" ಎಂದು ಸುಮ್ಮನಾಗುತ್ತಾರೆ. ಕರಾವಳಿಯವರಾದರೆ "ಗಲ್ಫಿನಲ್ಲಿದ್ದಾನೆ" ಎಂದು ಮುಗಿಸುತ್ತಾರೆ. ಮಲೆನಾಡು, ಬಯಲುಸೀಮೆಗಳಲ್ಲಿ "ಫಾರಿನ್" ಎಂಬ ಒಂದೇ ದೇಶ ಉಂಟು. ಅಮೆರಿಕ, ಅರೇಬಿಯ, ಸಿಂಗಪುರ ಎಲ್ಲವೂ ಅದರ ತಾಲ್ಲೂಕುಗಳು.

ಮಾತಿನಲ್ಲಿ ದೇಶದ ಹೆಸರು ತಪ್ಪಿದರೆ ನಕ್ಕು ಬಿಡಬಹುದು. ಫೋನಿನಲ್ಲಿ ತಪ್ಪಿದರೆ ಕರೆ ಸೇರುವುದಿಲ್ಲ. ಸೇರಲೇಬೇಕಾದ ಹೊತ್ತಿಗೆ ಸೇರದ ಕರೆಯ ಬೆಲೆ ಏನೆಂಬುದನ್ನು ಪರದೇಶದಲ್ಲಿ ಕುಳಿತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ದೇಶದ ಹೆಸರು ಮತ್ತು ದೇಶದ ಸಂಖ್ಯೆ, ಇವೆರಡರ ಬಗೆಗೆ ನಾಲ್ಕು ಮಾತು ಬರೆಯೋಣವೆಂದು ಹೊರಟಿದ್ದೇವೆ.

ಹೆಸರಿನ ಪೇಚು

ಮೊದಲು ದುಬೈ ವಿಚಾರ. ದುಬೈ ಎಂಬುದು ದೇಶವೇ ಅಲ್ಲ. ಸಂಯುಕ್ತ ಅರಬ್ ಸಂಸ್ಥಾನದ ಏಳು ಸಂಸ್ಥಾನಗಳಲ್ಲಿ ಅದೊಂದು. ಅಲ್ಲಿಯ ದೂರವಾಣಿ ಸಂಕೇತ 971, ನಮ್ಮದು 966. ರಿಯಾದಿನಿಂದ ದುಬೈಗೆ ವಿಮಾನದ ಹಾದಿಯಲ್ಲಿ ಹೆಚ್ಚುಕಡಿಮೆ ಬೆಂಗಳೂರಿನಿಂದ ಮುಂಬಯಿಗೆ ಇರುವಷ್ಟೇ ದೂರ. ಸೌದಿ ಅರೇಬಿಯವಾದರೋ ಸುಮಾರು 21.5 ಲಕ್ಷ ಚದರ ಕಿಲೋಮೀಟರಿನ ನಾಡು. ಹನ್ನೊಂದು ಕರ್ನಾಟಕಗಳನ್ನು ಒಳಗೆ ಹಾಕಿದರೂ ಇನ್ನೂ ಮರಳು ಉಳಿಯುತ್ತದೆ.

ಎರಡನೆಯದು "ಸೌದಿ" ಎಂಬ ಮಾತು. ಊರಿನಲ್ಲಿ ಇದನ್ನು "ಸೌತ್ ಅರೇಬಿಯ" ಎಂದು ಕೇಳಿಸಿಕೊಂಡವರು ಅನೇಕರು. ಇಂಗ್ಲಿಷಿನಲ್ಲಿ ಚಿಕ್ಕದಾಗಿ "ಎಸ್.ಎ." ಎಂದು ಬರೆದರಂತೂ ದಕ್ಷಿಣ ಆಫ್ರಿಕ ನೆನಪಾಗುವುದು ಸಹಜ. ಈ ಎರಡಕ್ಷರದ ಜಗಳ ಅಂತರರಾಷ್ಟ್ರೀಯ ಪಟ್ಟಿಗಳಲ್ಲೂ ಇದೆ. ದೇಶಗಳಿಗೆ ಎರಡಕ್ಷರದ ಗುರುತು ಕೊಟ್ಟ ಪಟ್ಟಿಯಲ್ಲಿ "ಎಸ್‌ಎ" ಎಂದರೆ ಸೌದಿ ಅರೇಬಿಯ. ದಕ್ಷಿಣ ಆಫ್ರಿಕ ತನ್ನ ಡಚ್ಚು ಹೆಸರಾದ "ಜೌಡ್ ಆಫ್ರಿಕ"ದಿಂದ "ಜೆಡ್‌ಎ" ಎಂದು ಮಾಡಿಕೊಂಡಿದೆ. ಆದರೆ ವಿಮಾನ ಸಂಸ್ಥೆಗಳ ಪಟ್ಟಿಯಲ್ಲಿ "ಎಸ್‌ಎ" ದಕ್ಷಿಣ ಆಫ್ರಿಕದವರ ವಿಮಾನಕ್ಕೆ ಸೇರಿದ್ದು; ಸೌದಿಯ ವಿಮಾನಕ್ಕೆ "ಎಸ್‌ವಿ". ಸಂಖ್ಯೆಗೆ ಬಂದರೆ ಗೊಂದಲವಿಲ್ಲ: ದಕ್ಷಿಣ ಆಫ್ರಿಕ 27, ಸೌದಿ 966.

ಮೂರನೆಯದು ನಮ್ಮ ಭಾಷೆಯ ಹೆಸರಿನಿಂದಲೇ ಬರುವ ಪೇಚು. "ನಿಮ್ಮ ಭಾಷೆ ಯಾವುದು?" ಎಂದು ಇಲ್ಲಿಯ ಸಹೋದ್ಯೋಗಿಗಳು ಕೇಳಿ, ನಾವು "ಕನ್ನಡ" ಎಂದರೆ, "ಓ, ಕೆನಡಾದಲ್ಲಿ ಎಷ್ಟು ವರ್ಷ ಇದ್ದಿರಿ?" ಎಂಬ ಮರುಪ್ರಶ್ನೆ ಸಿದ್ಧ. ನಮ್ಮ ಸಂಘದ ಹೆಸರು ಓದಿ ಕೆನಡಾದವರ ಕೂಟವೆಂದು ತಿಳಿದವರೂ ಉಂಟು. ಕೆನಡಾ ಎಂಬ ಹೆಸರು ಆ ನಾಡಿನ ಮೂಲನಿವಾಸಿಗಳ "ಕನಾಟಾ", ಅಂದರೆ ಹಳ್ಳಿ ಅಥವಾ ನೆಲೆ ಎಂಬ ಮಾತಿನಿಂದ ಬಂದದ್ದು. ನಮ್ಮ ಕನ್ನಡಕ್ಕೂ ಅದಕ್ಕೂ ಉಚ್ಚಾರದ ನಂಟು ಬಿಟ್ಟರೆ ಬೇರೆ ನಂಟಿಲ್ಲ. ಕೆನಡಾಕ್ಕೆ ಸಂಕೇತ 1, ನಮಗೆ 91. ಇದರ ಜೊತೆಗೆ ಅರಬ್ಬೀ ಭಾಷೆಯಲ್ಲಿ ಭಾರತಕ್ಕೆ "ಅಲ್ ಹಿಂದ್", ಭಾರತೀಯನಿಗೆ "ಹಿಂದಿ". ಹಾಗಾಗಿ ಹಿಂದಿ ಬಾರದ ಕನ್ನಡಿಗನೂ ಇಲ್ಲಿ ಹಿಂದಿಯೇ!

ಇನ್ನು ಖಂಡಗಳ ಗೊಂದಲ. "ನಾವು ಯಾವ ಖಂಡದಲ್ಲಿದ್ದೇವೆ?" ಎಂದು ನಮ್ಮ ಸಂಘದ ಮಕ್ಕಳನ್ನು ಕೇಳಿ ನೋಡಿ. ಅರ್ಧದಷ್ಟು ಮಕ್ಕಳು "ಮಿಡ್ಲ್ ಈಸ್ಟ್" ಎನ್ನುತ್ತಾರೆ. ಮಧ್ಯಪ್ರಾಚ್ಯ ಖಂಡವಲ್ಲ, ಯೂರೋಪಿನ ಕಡೆಯಿಂದ ನಿಂತು ನೋಡಿದವರು ಕೊಟ್ಟ ಹೆಸರು. ಅಮೆರಿಕದ ನೌಕಾ ಲೇಖಕ ಆಲ್ಫ್ರೆಡ್ ಮಹಾನ್ 1902ರಲ್ಲಿ ಅದನ್ನು ಪ್ರಚಾರಕ್ಕೆ ತಂದ. ಬೆಂಗಳೂರಿನಲ್ಲಿ ನಿಂತು ನೋಡಿದರೆ ಈ ನಾಡು ಪೂರ್ವವೂ ಅಲ್ಲ, ಮಧ್ಯವೂ ಅಲ್ಲ, ನೇರ ಪಶ್ಚಿಮ. ಭಾರತ ಸರ್ಕಾರ "ಪಶ್ಚಿಮ ಏಷ್ಯಾ" ಎನ್ನುವುದು ಅದಕ್ಕೇ. ಅಂದರೆ ರಿಯಾದಿಗೆ ಬಂದ ನಾವು ದೇಶ ಬಿಟ್ಟಿದ್ದೇವೆಯೇ ಹೊರತು ಖಂಡ ಬಿಟ್ಟಿಲ್ಲ. ಕೆಂಪು ಸಮುದ್ರದ ಆಚೆ ದಡ ಆಫ್ರಿಕ. ಅದನ್ನು ಒಂದು ದೇಶವೆಂಬಂತೆ "ಆಫ್ರಿಕದಲ್ಲಿ ಕೆಲಸ ಸಿಕ್ಕಿತು" ಎನ್ನುತ್ತೇವೆ; ವಿಶ್ವಸಂಸ್ಥೆಯ ಸದಸ್ಯರಾದ 54 ದೇಶಗಳು ಅಲ್ಲಿವೆ.

ಸೋಡಾ ಎಂದರೆ ಯಾವ ಸೋಡಾ?

ನಾವು ರಸಾಯನಶಾಸ್ತ್ರ ಕಲಿತು ಅದರಲ್ಲೇ ಅನ್ನ ತಿನ್ನುವವರು. ಹೆಸರನ್ನು ನಂಬಬೇಡಿ ಎಂಬುದು ನಮ್ಮ ವಿದ್ಯೆಯ ಮೊದಲ ಪಾಠ. ಅಂಗಡಿಯಲ್ಲಿ "ಸೋಡಾ ಕೊಡಿ" ಎಂದರೆ ಅಡುಗೆ ಸೋಡಾ ಬರಬಹುದು, ಬಟ್ಟೆ ಒಗೆಯುವ ಸೋಡಾ ಬರಬಹುದು. ಕಾಸ್ಟಿಕ್ ಸೋಡಾ ಬಂದರೆ ಕೈ ಸುಡುತ್ತದೆ. ಇಡ್ಲಿ ಹಿಟ್ಟಿಗೆ ಹಾಕುವುದೂ ಚರ್ಮ ಸುಡುವುದೂ ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಸೂತ್ರ ಬರೆದ ಕೂಡಲೆ ಜಗಳ ಮುಗಿಯಿತು. ಮೂರಕ್ಕೂ ಬೇರೆ ಬೇರೆ ಸೂತ್ರ. "ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ" ಎಂಬ ಗಾದೆ ಮಾಡಿದವರಿಗೂ ಈ ಪಾಠ ಗೊತ್ತಿತ್ತೆಂದು ಕಾಣುತ್ತದೆ.

ದೇಶಗಳಿಗೆ ದೂರವಾಣಿ ಸಂಕೇತವೇ ಸೂತ್ರ. ಹೆಸರು ಕೇಳಿ ಮೋಸಹೋಗಬಹುದಾದ ಕೆಲವು ಜೋಡಿಗಳನ್ನು ಇಲ್ಲಿ ಕೊಟ್ಟಿದ್ದೇವೆ. ಮಕ್ಕಳಿಗೆ ಓದಿ ಹೇಳಿ.

ಆಸ್ಟ್ರಿಯಾ 43, ಆಸ್ಟ್ರೇಲಿಯಾ 61.
ಇರಾನ್ 98, ಇರಾಕ್ 964.
ನೈಜರ್ 227, ನೈಜೀರಿಯಾ 234.
ಮಾರಿಷಸ್ 230, ಮಾರಿಟಾನಿಯಾ 222.
ಸ್ಲೊವಾಕಿಯಾ 421, ಸ್ಲೊವೇನಿಯಾ 386.
ದಕ್ಷಿಣ ಕೊರಿಯಾ 82. ಉತ್ತರ ಕೊರಿಯಾ 850.
ಗಿನಿ 224; ಗಿನಿ ಬಿಸಾವು 245; ಈಕ್ವಟೋರಿಯಲ್ ಗಿನಿ 240; ಪಾಪುವಾ ನ್ಯೂ ಗಿನಿ 675.
ಜಾರ್ಜಿಯಾ ದೇಶ 995. ಅಮೆರಿಕದೊಳಗಿನ ಜಾರ್ಜಿಯಾ ರಾಜ್ಯಕ್ಕೆ ಅಮೆರಿಕದ 1.

ಒಂಬತ್ತರ ಮನೆತನ

ಈ ಸಂಖ್ಯೆಗಳು ಚೀಟಿ ಎತ್ತಿ ಹಂಚಿದ್ದಲ್ಲ. 1865ರಲ್ಲಿ ಪ್ಯಾರಿಸ್ಸಿನಲ್ಲಿ ತಂತಿ ಸಂದೇಶಗಳಿಗಾಗಿ ಹುಟ್ಟಿ, ಈಗ ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1960ರ ದಶಕದಲ್ಲಿ ಪ್ರಪಂಚವನ್ನು ಒಂಬತ್ತು ವಲಯಗಳಾಗಿ ಮಾಡಿತು. 1 ಎಂದರೆ ಅಮೆರಿಕ, ಕೆನಡಾ ಮತ್ತು ಕೆರಿಬಿಯನ್ ದ್ವೀಪಗಳು ಅನೇಕ. 2 ಬಹುಮಟ್ಟಿಗೆ ಆಫ್ರಿಕ. ಯೂರೋಪಿಗೆ 3 ಮತ್ತು 4 ಎರಡೂ. 5 ಮೆಕ್ಸಿಕೊ ಮೊದಲುಗೊಂಡು ದಕ್ಷಿಣ ಅಮೆರಿಕ. 6 ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಮತ್ತು ಪೆಸಿಫಿಕ್ ದ್ವೀಪಗಳು. 7 ಅಂದಿನ ಸೋವಿಯತ್ ಒಕ್ಕೂಟ. ಈಗ ರಷ್ಯಾ ಮತ್ತು ಕಜಕಸ್ತಾನ. 8 ಪೂರ್ವ ಏಷ್ಯಾ. 9 ನಮ್ಮ ಮನೆತನ.

ಈ ಒಂಬತ್ತರ ಮನೆತನ ದೊಡ್ಡದು. ಟರ್ಕಿ 90, ಭಾರತ 91, ಪಾಕಿಸ್ತಾನ 92, ಅಫಘಾನಿಸ್ತಾನ 93, ಶ್ರೀಲಂಕಾ 94, ಬರ್ಮಾ 95. ನೇಪಾಳ 977. ಇತ್ತ ಕುವೈತ್ 965, ಸೌದಿ 966, ಯೆಮೆನ್ 967, ಒಮಾನ್ 968, ಬಹರೇನ್ 973, ಕತಾರ್ 974. ಅಂದರೆ ದೂರವಾಣಿ ಲೆಕ್ಕದಲ್ಲಿ ನಾವು ಸೌದಿಗೆ ಬಂದದ್ದು ಒಂದೇ ಕೇರಿಯ ಇನ್ನೊಂದು ಮನೆಗೆ.

ಭಾರತಕ್ಕೆ ಎರಡೇ ಅಂಕಿ, ಸೌದಿಗೆ ಮೂರು ಏಕೆ? ಯಾವ ದೇಶದಲ್ಲಿ ಮುಂದೆ ಬಹಳ ಫೋನುಗಳು ಬರಬಹುದೋ ಅದಕ್ಕೆ ಚಿಕ್ಕ ಸಂಕೇತ ಕೊಟ್ಟರೆ ಒಳಗಿನ ನಂಬರಿಗೆ ಹೆಚ್ಚು ಅಂಕಿ ಉಳಿಯುತ್ತದೆ. ದೇಶದ ಸಂಕೇತವೂ ಸೇರಿ ಒಟ್ಟು 15 ಅಂಕಿಗಿಂತ ಹೆಚ್ಚಾಗಬಾರದೆಂಬುದು ಈಗಿನ ನಿಯಮ. ಇನ್ನೊಂದು ಜಾಣ ಏರ್ಪಾಡೂ ಇದೆ. ಒಂದು ದೇಶದ ಸಂಕೇತವು ಇನ್ನೊಂದು ದೇಶದ ಸಂಕೇತದ ತಲೆಯಾಗಿರುವುದಿಲ್ಲ. 91 ಭಾರತಕ್ಕೆ ಸೇರಿದ ಮೇಲೆ 910ರಿಂದ 919ರವರೆಗೆ ಯಾರಿಗೂ ಇಲ್ಲ. 96 ಎಂದು ಒತ್ತಿದರೆ ಯಂತ್ರ ಇನ್ನೊಂದು ಅಂಕಿಗೆ ಕಾಯುತ್ತದೆ. 91 ಎಂದೊಡನೆ ಭಾರತದ ಕಡೆಗೆ ತಿರುಗುತ್ತದೆ.

ಸಂಖ್ಯೆಗಳಲ್ಲಿ ಇತಿಹಾಸವೂ ಅಡಗಿದೆ. ಪೂರ್ವ ಜರ್ಮನಿಗೆ 37 ಇತ್ತು. 1990ರಲ್ಲಿ ಎರಡು ಜರ್ಮನಿಗಳೂ ಒಂದಾದ ಮೇಲೆ ಆ 37ನ್ನು ಒಡೆದು ಲಿಥುವೇನಿಯಾ, ಲಾಟ್ವಿಯಾ ಮೊದಲಾದವರಿಗೆ ಹಂಚಿದರು. ನಮ್ಮ ನೆರೆಯ ಯೆಮೆನ್ ಕೂಡ ಎರಡಾಗಿತ್ತು. ದಕ್ಷಿಣ ಯೆಮೆನ್ನಿನ 969 ಆ ದೇಶ 1990ರಲ್ಲಿ ಉತ್ತರದೊಡನೆ ಸೇರಿದಾಗ ಖಾಲಿಯಾಯಿತು. ಆದರೆ ವಲಯಗಳನ್ನು ಪೂರಾ ಭೂಗೋಳವೆಂದು ನಂಬಬೇಡಿ. ಬಾಂಗ್ಲಾದೇಶ ನಮ್ಮ ಮಗ್ಗುಲಲ್ಲೇ ಇದ್ದರೂ ಅದರದು 880. ಗ್ರೀನ್‌ಲ್ಯಾಂಡ್ ಉತ್ತರ ಅಮೆರಿಕದ ಹಿಮದ ದ್ವೀಪ; ಅದರ ಸಂಕೇತ 299, ಆಫ್ರಿಕದವರ ಸಾಲಿನಲ್ಲಿ!

91 ಬಿಟ್ಟುಹೋದರೆ

ರಿಯಾದಿನಿಂದ 00 ಒತ್ತಿ, 91 ಮರೆತು, ನೇರವಾಗಿ ಊರಿನ ನಂಬರು ಒತ್ತಿದರೆ ಏನಾದೀತು? ನಮ್ಮ ಕನ್ನಡನಾಡಿನ ಊರುಗಳ ಸಂಕೇತ ಬಹುತೇಕ ಎಂಟರಿಂದ ಆರಂಭ. ಎಂಟು ಎಂದರೆ ಪೂರ್ವ ಏಷ್ಯಾ. ಶಿವಮೊಗ್ಗದ 8182, ದಾವಣಗೆರೆಯ 8192, ತುಮಕೂರಿನ 816, ಹಾಸನದ 8172 ಇವೆಲ್ಲ ಜಪಾನಿನ ಕಡೆಗೆ ಹೊರಡುತ್ತವೆ, ಜಪಾನಿನ ಸಂಕೇತ 81 ಆದ್ದರಿಂದ. ಮೈಸೂರಿನ 821, ಮಂಗಳೂರಿನ 824, ಉಡುಪಿಯ 820, ಮಡಿಕೇರಿಯ 8272 ದಕ್ಷಿಣ ಕೊರಿಯಾದ ಹಾದಿ ಹಿಡಿಯುತ್ತವೆ. ಕಲಬುರಗಿಯ 8472 ವಿಯೆಟ್ನಾಮಿಗೆ, ರಾಯಚೂರಿನ 8532 ಮಕಾವಿಗೆ. ಕಾಸರಗೋಡಿನ ಬಂಧುಗಳದು ಇನ್ನೂ ವಿಚಿತ್ರ: ಮನೆಮಾತು ಕನ್ನಡ, ರಾಜ್ಯ ಕೇರಳ, ಸಂಕೇತ 4994, 91 ಬಿಟ್ಟರೆ ಸೇರುವುದು ಜರ್ಮನಿ. ಹೊಸೂರಿನ 4344 ಆಸ್ಟ್ರಿಯಾಕ್ಕೆ.

ಮೊಬೈಲು ನಂಬರುಗಳೂ ಇದಕ್ಕೆ ಹೊರತಲ್ಲ. 94ರಿಂದ ಶುರುವಾಗುವ ನಂಬರು ಶ್ರೀಲಂಕಾಕ್ಕೆ ತಿರುಗುತ್ತದೆ, 98ರದು ಇರಾನಿಗೆ, 90ರದು ಟರ್ಕಿಗೆ. ಊರಿನಿಂದ ನಮಗೆ ಮಾಡುವಾಗಲೂ ಹಾಗೆಯೇ. 966 ಬಿಟ್ಟು ನಮ್ಮ 55ರ ಮೊಬೈಲು ಒತ್ತಿದರೆ ಬ್ರೆಜಿಲ್, 54 ಆದರೆ ಅರ್ಜೆಂಟೀನಾ, 53 ಆದರೆ ಕ್ಯೂಬಾ. ನಾವು ಇದುವರೆಗೆ ಕಾಣದ ದೇಶಗಳನ್ನೆಲ್ಲ ನಮ್ಮ ಕರೆಗಳು ಸುತ್ತಿ ಬರಬಲ್ಲವು.

ಸೊನ್ನೆಯ ಕಥೆ

ದೇಶದ ಸಂಕೇತಕ್ಕಿಂತ ಹೆಚ್ಚು ತೊಂದರೆ ಕೊಡುವುದು ಸೊನ್ನೆ. ಅದಕ್ಕೆ ಎರಡು ಅವತಾರ.

ಮೊದಲನೆಯದು ಜೋಡಿ ಸೊನ್ನೆ, 00. "ಈ ಕರೆ ದೇಶದಾಚೆಗೆ" ಎಂದು ಯಂತ್ರಕ್ಕೆ ಹೇಳುವ ಮಾತು ಅದು. ಭಾರತದಲ್ಲೂ ಸೌದಿಯಲ್ಲೂ 00. ಅಮೆರಿಕ, ಕೆನಡಾಗಳಲ್ಲಿ ಮಾತ್ರ ಅದೇ ಮಾತಿಗೆ 011. ಮೊಬೈಲಿನಲ್ಲಿ ಕೂಡಿಸುವ ಚಿಹ್ನೆ ಹಾಕಿದರೆ ಯಾವ ದೇಶದಲ್ಲಿದ್ದರೂ ಸರಿ; ಅಲ್ಲಿಯ ಪದ್ಧತಿಗೆ ತಕ್ಕಂತೆ ಫೋನೇ ನೋಡಿಕೊಳ್ಳುತ್ತದೆ.

ಎರಡನೆಯದು ಒಂಟಿ ಸೊನ್ನೆ. "ಈ ಕರೆ ದೇಶದೊಳಗೇ, ಆದರೆ ಬೇರೆ ಊರಿಗೆ" ಎಂಬುದು ಇದರ ಅರ್ಥ. ಮೈಸೂರಿಗೆ 0821 ಎನ್ನುವಾಗ ಮುಂದಿರುವುದು ಈ ಸೊನ್ನೆಯೇ. ದೇಶದಾಚೆಯಿಂದ ಮಾಡುವಾಗ ಇದಕ್ಕೆ ಕೆಲಸವಿಲ್ಲ, ಇದನ್ನು ಬಿಡಲೇಬೇಕು. ರಿಯಾದಿನಿಂದ ಮೈಸೂರಿಗೆ 00, 91, 821, ಆಮೇಲೆ ಮನೆಯ ಏಳಂಕಿ. ಭಾರತದ ಯಾವ ನಂಬರಾದರೂ 91ರ ನಂತರ ಹತ್ತೇ ಅಂಕಿ ಇರಬೇಕು, ಎಣಿಸಿ ನೋಡಿ.

ನಮ್ಮ ಕಡೆಯದೂ ಹಾಗೆಯೇ. ಇಲ್ಲಿ ನಾವು ಪರಸ್ಪರ 05 ಎಂದು ಶುರುಮಾಡಿ ಹತ್ತಂಕಿ ಒತ್ತುತ್ತೇವೆ. ಊರಿನವರಿಗೆ ಆ ಸೊನ್ನೆ ಬೇಡ: 00, 966, 5 ಮತ್ತು ಉಳಿದ ಎಂಟಂಕಿ. 966ರ ನಂತರ ಒಂಬತ್ತೇ ಅಂಕಿ. ರಿಯಾದಿನ ಸ್ಥಿರ ಫೋನಾದರೆ 966, 11, ಆಮೇಲೆ ಏಳಂಕಿ.

ಇಲ್ಲೊಂದು ತಮಾಷೆ ಗಮನಿಸಿ. ಸೌದಿಯೊಳಗೆ 011 ಎಂದರೆ ರಿಯಾದ್. ಭಾರತದೊಳಗೆ 011 ಎಂದರೆ ದೆಹಲಿ. ಅಮೆರಿಕದೊಳಗೆ 011 ಎಂದರೆ ಹೊರದೇಶ. ಅಂಕಿ ಮೂರೇ, ಎಲ್ಲಿ ನಿಂತು ಒತ್ತುತ್ತೀರಿ ಎಂಬುದರ ಮೇಲೆ ಅರ್ಥ. ಊರಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ತಪ್ಪು ಅವರದಲ್ಲ. ಅದರ ಮೇಲೆ ಭಾರತದಲ್ಲಿ 2021ರ ಜನವರಿಯಿಂದ ಸ್ಥಿರ ಫೋನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಸೇರಿಸಲೇಬೇಕೆಂದು ನಿಯಮ ಬಂದಿದೆ. ಸೇರಿಸು ಎಂದು ಒಬ್ಬರು, ಬಿಡು ಎಂದು ಇನ್ನೊಬ್ಬರು. ಎಪ್ಪತ್ತು ದಾಟಿದ ಅಮ್ಮ ಏನು ಮಾಡಬೇಕು?

ಟ್ರಂಕ್ ಕಾಲಿನಿಂದ ಇಲ್ಲಿಯವರೆಗೆ

ಹಿಂದೆ ಈ ತಲೆನೋವು ಇರಲಿಲ್ಲ, ಏಕೆಂದರೆ ನಂಬರು ಒತ್ತುವ ಭಾಗ್ಯವೇ ಇರಲಿಲ್ಲ. ಊರಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ, ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ಮೂರು ದರಗಳಲ್ಲಿ ಒಂದನ್ನು ಆರಿಸಿ, ಅಂಚೆ ಕಚೇರಿಯ ಬೆಂಚಿನ ಮೇಲೆ ಕಾಯಬೇಕು. ಇಂಥವರೇ ಬಂದರೆ ಮಾತ್ರ ಕೊಡಿ ಎಂದರೆ ಪಿ.ಪಿ. ಕಾಲ್. ಆಪರೇಟರ್ ಹೆಸರು ಕೇಳಿ ಊರು ಹುಡುಕುವ ಕಾಲದಲ್ಲಿ ಹೆಸರಿನ ಗೊಂದಲಕ್ಕೆ ಬೆಲೆ ತೆರಬೇಕಾಗುತ್ತಿತ್ತು. "ಮಂಗಳೂರು" ಎಂದದ್ದು "ಬೆಂಗಳೂರು" ಎಂದು ಕೇಳಿಸಿ ಮೂರು ನಿಮಿಷ ವ್ಯರ್ಥವಾದ ಕಥೆಗಳನ್ನು ನಮ್ಮ ಸಂಘದ ಹಿರಿಯರು ಇಂದಿಗೂ ಹೇಳುತ್ತಾರೆ.

ಆ ಕಾಲದ ನಮ್ಮ ಮನೆಗಳ ಕರಿಯ ಫೋನು ಬಹುಪಾಲು ಬೆಂಗಳೂರಿನದೇ. 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯಿಂದ ಒಂದು ಬಡಾವಣೆಗೇ ದೂರವಾಣಿನಗರ ಎಂದು ಹೆಸರಾಯಿತು. ಆಪರೇಟರಿನ ನೆರವಿಲ್ಲದೆ ನೇರ ಮಾಡುವ ಎಸ್‌ಟಿಡಿ ಭಾರತದಲ್ಲಿ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಹಳ್ಳಿಗಳಿಗೆಂದೇ ಸಿ-ಡಾಟ್ ಸಂಸ್ಥೆ ರೂಪಿಸಿದ ಸಣ್ಣ ಸ್ವಯಂಚಾಲಿತ ವಿನಿಮಯ ಕೇಂದ್ರ ಮೊದಲು ಕೂತದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ. ಬಿಸಿಲು, ದೂಳಿಗೆ ಹೆದರದ, ಹವಾನಿಯಂತ್ರಣ ಬೇಡದ ಯಂತ್ರ ಅದು. ಅದೇ ವರ್ಷ ಹೊರದೇಶದ ಕರೆಗಳನ್ನು ನೋಡಿಕೊಳ್ಳಲು ವಿದೇಶ ಸಂಚಾರ ನಿಗಮವಾಯಿತು. ಬಳಿಕ ಬೀದಿಬೀದಿಗೆ ಹಳದಿ ಬೋರ್ಡಿನ ಎಸ್‌ಟಿಡಿ, ಐಎಸ್‌ಡಿ ಬೂತುಗಳು. ನಾವು ಶಾಲೆಗೆ ಹೋಗುತ್ತಿದ್ದಾಗ, ಬೂತಿನ ಗಾಜಿನಾಚೆ ಕೆಂಪು ಅಂಕಿಗಳು ಓಡುವುದನ್ನು ನೋಡುತ್ತ ನಿಂತವರು. ಬೆಂಗಳೂರಿನ ಸಂಕೇತ ಆಗಷ್ಟೇ 0812 ಹೋಗಿ 080 ಆಗಿತ್ತು.

ಇತ್ತ ಸೌದಿಯಲ್ಲಿ 1970ರ ದಶಕದ ಕೊನೆಯಲ್ಲಿ ಫಿಲಿಪ್ಸ್, ಎರಿಕ್ಸನ್, ಬೆಲ್ ಕೆನಡಾ ಸಂಸ್ಥೆಗಳು ಸೇರಿ ದೇಶಕ್ಕೆಲ್ಲ ಸ್ವಯಂಚಾಲಿತ ಫೋನು ಹಾಕುವ ಭಾರಿ ಗುತ್ತಿಗೆ ಹಿಡಿದವು. ಆದರೂ ಕೂಲಿ ಕೆಲಸಕ್ಕೆ ಬಂದವರಿಗೆ ಮನೆಯಲ್ಲಿ ಫೋನೆಲ್ಲಿ? ಶುಕ್ರವಾರ ಸಂಜೆ ಬತ್ಹಾ ಪೇಟೆಯ ಕ್ಯಾಬಿನುಗಳ ಮುಂದೆ ಕೈಯಲ್ಲಿ ಚಿಲ್ಲರೆ ಹಿಡಿದು ಸಾಲು ನಿಲ್ಲುವುದು. ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡು ಹೋಗುತ್ತಿದ್ದೆವು ಎನ್ನುತ್ತಾರೆ ಹಿರಿಯರು. ಒಳಗೆ ಹೋದ ಮೇಲೆ "ಕೇಳಿಸ್ತಾ ಇದೆಯಾ?" "ಹೂಂ, ಕೇಳಿಸ್ತಾ ಇದೆ, ನಿನಗೆ?" ಎಂಬಲ್ಲಿಗೆ ಒಂದು ನಿಮಿಷ ಮುಗಿದಿರುತ್ತಿತ್ತು. ಮೂಗಿಗಿಂತ ಮೂಗುತಿ ಭಾರ.

2017ರ ಸೆಪ್ಟೆಂಬರಿನಲ್ಲಿ ಸೌದಿ ಸರ್ಕಾರ ಇಂಟರ್ನೆಟ್ ಕರೆಗಳ ಮೇಲಿನ ತಡೆಯನ್ನು ತೆಗೆಯಿತು. ಆಮೇಲೆ ಮುಖ ನೋಡಿ ಮಾತನಾಡುವುದೇ ಬಳಕೆಯಾಯಿತು. ಅಮ್ಮ ಒಲೆಯ ಮೇಲಿನ ಸಾರು ತೋರಿಸುತ್ತಾರೆ, ಮೊಮ್ಮಗಳು ಹೊಸ ಹಲ್ಲು ತೋರಿಸುತ್ತಾಳೆ. ಸಂತೋಷವೇ. ಆದರೆ ಹೆಸರಿನ ಮೇಲೆ ಬೆರಳಿಟ್ಟರೆ ಸಾಕು ಎಂಬ ಅಭ್ಯಾಸವಾಗಿ, ನಂಬರು ಒತ್ತುವ ವಿದ್ಯೆ ಎರಡೂ ಕಡೆ ಮರೆತುಹೋಗಿದೆ.

ಕರೆ ಸೇರದ ರಾತ್ರಿ

ನಮ್ಮ ಬಳಗದ ಮಿತ್ರರೊಬ್ಬರ ಊರು ಮಲೆನಾಡಿನಲ್ಲಿ. ಕೆಲವು ವರ್ಷಗಳ ಹಿಂದೆ, ಆಷಾಢದ ಮಳೆಯಲ್ಲಿ, ಅವರ ತಂದೆಗೆ ರಾತ್ರಿ ಹತ್ತು ಗಂಟೆಗೆ ಎದೆನೋವು ಬಂತು. ರಿಯಾದಿನಲ್ಲಿ ಆಗ ಏಳೂವರೆ. ಎರಡೂವರೆ ಗಂಟೆಯ ವ್ಯತ್ಯಾಸ. ಮಿತ್ರರು ಮನೆಯಲ್ಲೇ ಇದ್ದರು, ಫೋನು ಪಕ್ಕದಲ್ಲೇ ಇತ್ತು. ಊರಿನಲ್ಲಿ ಕರೆಂಟು ಹೋಗಿ ಇಂಟರ್ನೆಟ್ಟೂ ನಿಂತಿತ್ತು. ಪಕ್ಕದ ಮನೆಯವರ ಹಳೆಯ ಸ್ಥಿರ ಫೋನು ಮಾತ್ರ ಬದುಕಿತ್ತು. ಅವರ ಮಗಳೂ ಹೊರದೇಶದಲ್ಲಿ ಇದ್ದುದರಿಂದ ಅದರಲ್ಲಿ ಐಎಸ್‌ಡಿ ಸೌಲಭ್ಯವೂ ಇತ್ತು.

ತಮ್ಮ ಓಡಿಹೋಗಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ಅಣ್ಣನ ನಂಬರು ಒತ್ತಿದ. 00, 966, ಆಮೇಲೆ 05. ನಂಬರು ಸರಿಯಿಲ್ಲವೆಂದು ಆ ಕಡೆಯಿಂದ ಧ್ವನಿ. ಮತ್ತೆ ಒತ್ತಿದ. 966 ಬಿಟ್ಟು ಒತ್ತಿದ. ಸೊನ್ನೆ ಇನ್ನೊಂದು ಸೇರಿಸಿ ಒತ್ತಿದ. ತೆಗೆಯಬೇಕಾದ ಒಂದು ಸೊನ್ನೆಯನ್ನು ತೆಗೆಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಪ್ಪ ಜೀಪಿನಲ್ಲಿ ಆಸ್ಪತ್ರೆಗೆ ಹೊರಡುವ ಮೊದಲು "ಅವನಿಗೆ ಫೋನ್ ಸಿಕ್ಕಿತೇನೋ?" ಎಂದು ಎರಡು ಸಲ ಕೇಳಿದರಂತೆ. ಬೆಳಗ್ಗೆ ಕರೆಂಟು ಬಂದ ಮೇಲೆ ರಿಯಾದಿಗೆ ಸುದ್ದಿ ಮುಟ್ಟಿತು. ಮಿತ್ರರು ಅಂದೇ ವಿಮಾನ ಹತ್ತಿದರು. ಕರೆ ಸೇರಿದ್ದರೂ ಅವರು ಆ ರಾತ್ರಿ ಊರು ಸೇರುತ್ತಿರಲಿಲ್ಲ, ನಿಜ. ಆದರೆ ಎರಡು ಮಾತು ಆಡಬಹುದಾಗಿತ್ತು. ಈ ಲೇಖನ ಬರೆಯುತ್ತೇವೆಂದಾಗ ಅವರು ಹೇಳಿದ್ದು ಇಷ್ಟೇ: "ಸೊನ್ನೆಯ ವಿಷಯ ಸ್ಪಷ್ಟವಾಗಿ ಬರೆಯಿರಿ."

ಇದರ ಮಗ್ಗುಲಿಗೇ ಇನ್ನೊಂದು ಸಂಗತಿ. ಊರಿನಲ್ಲಿ ಒಂಟಿಯಾಗಿರುವ ಅಮ್ಮನಿಗೆ ಹುಷಾರಿಲ್ಲವೆಂದು ತಿಳಿದರೆ, ಗಾಬರಿಯಲ್ಲಿ ನಾವು ಇಲ್ಲಿಂದ 108 ಅಥವಾ 112 ಒತ್ತಿ ಪ್ರಯೋಜನವಿಲ್ಲ. ತುರ್ತು ಸಂಖ್ಯೆಗಳು ಆಯಾ ದೇಶದೊಳಗೆ ಮಾತ್ರ. ಅವು ಕರ್ನಾಟಕದ ಆಂಬುಲೆನ್ಸಿಗೆ ಹೋಗುವುದಿಲ್ಲ. ರಿಯಾದಿನಲ್ಲಿ ನಮಗೆ ಬೇಕಾದಾಗ 911. ಕೆಂಪು ಚಂದ್ರ ಸಂಸ್ಥೆಯ ಆಂಬುಲೆನ್ಸಿಗೆ 997. ಊರಿನ ನೆರವಿಗಾದರೆ ಪಕ್ಕದ ಮನೆಯವರು, ಹತ್ತಿರದ ಆಸ್ಪತ್ರೆ, ಅಮ್ಮನ ವೈದ್ಯರು, ಊರಿನ ಪೊಲೀಸ್ ಠಾಣೆ, ಈ ನಾಲ್ಕರ ಪೂರ್ತಿ ನಂಬರುಗಳನ್ನು 91 ಸಮೇತ ಫೋನಿನಲ್ಲಿಯೂ ಕಾಗದದಲ್ಲಿಯೂ ಇಟ್ಟುಕೊಳ್ಳಬೇಕು. ಅಕ್ಕಪಕ್ಕದವರು ಅಲ್ಲಿಂದ 108 ಒತ್ತುತ್ತಾರೆ.

ಗುರುತಿಲ್ಲದ ಕರೆ

ಸಂಕೇತ ಗೊತ್ತಿರುವುದು ಕರೆ ಮಾಡಲು ಮಾತ್ರವಲ್ಲ, ಬಂದ ಕರೆಯನ್ನು ತೂಗಿ ನೋಡಲಿಕ್ಕೂ ಬೇಕು. ಒಂದು ಸಲ ರಿಂಗಾಗಿ ನಿಲ್ಲುವ ಹೊರದೇಶದ ಕರೆ ನೋಡಿ, ಮಗನದಿರಬಹುದೆಂದು ಅಪ್ಪ ತಿರುಗಿ ಮಾಡುತ್ತಾರೆ. ನಿಮಿಷಕ್ಕೆ ಭಾರಿ ದರ. ಈ ಮೋಸಕ್ಕೆ ಜಪಾನೀ ಭಾಷೆಯಲ್ಲಿ "ವಾನ್‌ಗಿರಿ", ಅಂದರೆ ಒಂದು ರಿಂಗು, ಕತ್ತರಿಸು, ಎಂದೇ ಹೆಸರಿದೆ. 1876 ಎಂದು ಕಂಡರೆ ಅಮೆರಿಕವೆಂದುಕೊಳ್ಳಬೇಡಿ, ಅದು ಜಮೈಕಾ. 1473 ಗ್ರೆನಡಾ ದ್ವೀಪ.

ಇದಕ್ಕಿಂತ ಕ್ರೂರವಾದದ್ದು ಪೊಲೀಸರೆಂದು, ಅಧಿಕಾರಿಗಳೆಂದು ಹೇಳಿಕೊಂಡು ಬರುವ ಕರೆ. 92ರಂಥ ಹೊರದೇಶದ ನಂಬರುಗಳಿಂದ ವಾಟ್ಸಾಪಿನಲ್ಲಿ ಸರ್ಕಾರದ ಹೆಸರು ಹೇಳಿ ಬೆದರಿಸುವವರಿದ್ದಾರೆಂದು ಭಾರತದ ದೂರಸಂಪರ್ಕ ಇಲಾಖೆ 2024ರ ಮಾರ್ಚಿನಲ್ಲಿ ಎಚ್ಚರಿಸಿತು. "ನಿಮ್ಮ ಮಗ ವಿದೇಶದಲ್ಲಿ ಸಿಕ್ಕಿಬಿದ್ದಿದ್ದಾನೆ, ಹಣ ಕಳಿಸಿ" ಎಂದರೆ ಯಾವ ತಾಯಿಯ ಕೈ ನಡುಗದು? ಕರ್ನಾಟಕದ ಪೊಲೀಸರು 92ರಿಂದ ಕರೆ ಮಾಡುವುದಿಲ್ಲ, ನಿಮ್ಮ ಮಗನ ನಂಬರು 966ರಿಂದಲೇ ಶುರು ಎಂಬ ಎರಡು ಮಾತು ಮೊದಲೇ ಗೊತ್ತಿದ್ದರೆ ಆ ಕೈ ಒಂದು ಗಳಿಗೆ ತಡೆಯುತ್ತದೆ. 966 ಎಂದು ಕಂಡ ಮಾತ್ರಕ್ಕೆ ನಂಬಬೇಕೆಂದೂ ಅಲ್ಲ. ಕರೆ ಇಟ್ಟು, ಮಗನ ನಂಬರಿಗೆ ತಾವೇ ಮಾಡಿ ಕೇಳಬೇಕು. ಹಣ ಹೋಗಿಯೇ ಬಿಟ್ಟರೆ ಭಾರತದೊಳಗಿನಿಂದ 1930ಕ್ಕೆ ಕೂಡಲೆ ದೂರು ಕೊಡಬೇಕು.

ಊರಿನ ಗೋಡೆಗೊಂದು ಚೀಟಿ

ಆದ್ದರಿಂದ, ಬಂಧುಗಳೆ, ಪ್ರತಿ ಮನೆಯವರೂ ಒಂದು ಚಿಕ್ಕ ಕೆಲಸ ಮಾಡಬೇಕೆಂದು ನಮ್ಮ ಕೋರಿಕೆ. ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಒಂದು ಚೀಟಿ ಬರೆದು ಊರಿನ ಮನೆಯ ಗೋಡೆಗೆ ಅಂಟಿಸಲು ಕಳಿಸಿ.

ಮೊದಲ ಸಾಲು: ನಾವು ಇರುವುದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ, ದುಬೈಯಲ್ಲಲ್ಲ.

ಎರಡನೆಯ ಸಾಲು: 00 966 5 ಎಂದು ಶುರುಮಾಡಿ ನಿಮ್ಮ ಪೂರ್ತಿ ನಂಬರು, ಒತ್ತಬೇಕಾದ ಕ್ರಮದಲ್ಲೇ, ಬೇಡದ ಸೊನ್ನೆಯನ್ನು ಬರೆಯಲೇ ಬರೆಯದೆ.

ಮೂರನೆಯ ಸಾಲು: ನೀವು ಸಿಗದಿದ್ದರೆ ಮಾಡಬೇಕಾದ ಇಲ್ಲಿಯ ಇನ್ನೊಂದು ಕನ್ನಡ ಮನೆಯ ನಂಬರು, ಅವರನ್ನು ಕೇಳಿಕೊಂಡು.

ನಾಲ್ಕನೆಯ ಸಾಲು: ನಮ್ಮ ಗಡಿಯಾರ ನಿಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ತುರ್ತಾದರೆ ಹೊತ್ತು ನೋಡಬೇಡಿ.

ಊರಿನ ಫೋನಿನಲ್ಲಿ ಐಎಸ್‌ಡಿ ಇದೆಯೋ ಎಂದೂ ವಿಚಾರಿಸಿ. ಅನೇಕ ಸಂಪರ್ಕಗಳಲ್ಲಿ ಅದನ್ನು ಕೇಳಿ ತೆರೆಸಿಕೊಳ್ಳಬೇಕಾಗುತ್ತದೆ. ಚೀಟಿ ತಲುಪಿದ ಮೇಲೆ ಒಂದು ಶುಕ್ರವಾರ, ಇಂಟರ್ನೆಟ್ ಆರಿಸಿ, ಅಪ್ಪನೋ ಅಮ್ಮನೋ ತಮ್ಮ ಕೈಯಿಂದಲೇ ಆ ನಂಬರು ಒತ್ತಿ ನಿಮಗೊಂದು ಕರೆ ಮಾಡಲಿ. ಒಂದು ನಿಮಿಷದ ಹಣ ಹೋದರೆ ಹೋಗಲಿ. ಮಾತು ಏನೂ ಇಲ್ಲದಿದ್ದರೂ, "ಕೇಳಿಸ್ತಾ ಇದೆ" ಎಂದು ಹೇಳಿ ಇಟ್ಟುಬಿಡಿ.